ಜಮೈಕಾದ ಬಾಬ್‌ಸ್ಲೇ ಕತೇನ ಪೂರ್ತಿ ಬರೀರಿ, ಮಂಡ್ಯದಲ್ಲೂ ಒಂದು ಪುಶ್ ಟ್ರ್ಯಾಕ್ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಕ್ರೀಡಾ ಪುಟದಲ್ಲಿ ಮೊನ್ನೆ ಜಮೈಕಾ ದೇಶದ ಬಾಬ್‌ಸ್ಲೇ ಟೀಮ್ ಬಗ್ಗೆ ಒಂದು ಸಣ್ಣ ಬಾಕ್ಸ್ ಬಂದಿತ್ತು (ಬಾಬ್‌ಸ್ಲೇ ಅಂದ್ರೆ ಐಸಿನ ಇಳಿಜಾರು ಟ್ರ್ಯಾಕಲ್ಲಿ ಸ್ಲೆಡ್ ಅನ್ನೋ ಜಾರುಗಾಡೀನ ತಳ್ಳಿ, ಹತ್ತಿ ಕೂತು ಇಳಿಯೋ ಆಟ), ಹಿಮಾನೇ ಬೀಳದ ದೇಶದವರು ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗಿ ಮಗುಚ್ಕೊಂಡು ಬಿದ್ರು, ಆದ್ರೂ ಜನರ ಮನಸ್ಸು ಗೆದ್ರು ಅಂತ. ಓದಿ ಖುಷಿನೂ ಆಯ್ತು, ಬೇಜಾರೂ ಆಯ್ತು. ಕ್ರಿಕೆಟ್ ಬಿಟ್ಟು ಇನ್ನೊಂದು ಆಟಕ್ಕೆ ನಾಲ್ಕು ಸಾಲು ಜಾಗ ಸಿಕ್ತಲ್ಲ ಅಂತ ಖುಷಿ. ಬೇಜಾರು ಯಾಕಂದ್ರೆ ಎಲ್ರೂ ಮಾಡೋ ಹಾಗೆ ನೀವೂ ಕತೇನ ಬಿದ್ದ ಜಾಗದಲ್ಲೇ ನಿಲ್ಲಿಸ್ಬಿಟ್ರಿ. 1988ರಲ್ಲಿ ಬಿದ್ರು, ಸರಿ. ಅದಾದ್ಮೇಲೆ ಎದ್ದು ಏನ್ ಮಾಡಿದ್ರು, ಎಲ್ಲಿ ಗೆದ್ರು, ಎಲ್ಲಿ ಕೈ ತಪ್ಪೋಯ್ತು, ಆ ಭಾಗ ಯಾರೂ ಬರೆಯೋದೇ ಇಲ್ಲ. ನನ್ನ ಪ್ರಕಾರ ನಮ್ಮ ಮಂಡ್ಯ ಮೈಸೂರು ಕಡೆ ಹುಡುಗ್ರಿಗೆ ಬೇಕಾಗಿರೋದು ಆ ಭಾಗಾನೇ.

ನಾನು ಮಂಡ್ಯದ ಹತ್ರ ಟ್ರ್ಯಾಕ್ಟರ್ ಟ್ರೇಲರ್, ಎತ್ತಿನಗಾಡಿ ಆಕ್ಸಲ್ ಮಾಡೋ ಸಣ್ಣ ವರ್ಕ್‌ಶಾಪ್ ಇಟ್ಕೊಂಡಿದೀನಿ. ಐಸ್ ಅಂದ್ರೆ ಜ್ಯೂಸ್ ಅಂಗಡಿ ಐಸೇ ನಾನು ಕಂಡಿರೋದು. ಆದ್ರೆ ಚಕ್ರ, ಆಕ್ಸಲ್, ತೂಕ, ತಳ್ಳೋದು ಇವೆಲ್ಲ ದಿನಾ ಕೈಯಲ್ಲಿರೋ ವಿಷಯ, ಹಾಗಾಗಿ ಈ ಆಟ ಟೀವೀಲಿ ನೋಡಿದಾಗಿಂದ ಬಿಡದೆ ಹಿಂದೆ ಬಿದ್ದಿದೀನಿ, ಸಿಕ್ಕಿದ್ದೆಲ್ಲ ಓದಿದೀನಿ.

ಮೊದಲು ಜಮೈಕಾದವರು ಈ ಆಟಕ್ಕೆ ಹೆಂಗೆ ಬಂದ್ರು ಅನ್ನೋದು. ಜಾರ್ಜ್ ಫಿಚ್, ವಿಲಿಯಂ ಮೆಲೋನಿ ಅಂತ ಇಬ್ಬರು ಅಮೆರಿಕದವರು, ಇಬ್ಬರಿಗೂ ಜಮೈಕಾ ನಂಟಿತ್ತು. ಅಲ್ಲಿ ಪುಶ್‌ಕಾರ್ಟ್ ರೇಸ್ ಅಂತ ನಡಿಯುತ್ತೆ, ಸಂತೆಗೆ ಸಾಮಾನು ಸಾಗಿಸೋ ಕೈಗಾಡೀನ ಓಡ್ಕೊಂಡು ತಳ್ಳಿ, ಹತ್ತಿ ಕೂತು, ಇಳಿಜಾರಲ್ಲಿ ಬಿಡೋದು. ಅದನ್ನ ನೋಡಿ ಇವರಿಬ್ಬರಿಗೂ ಇದು ಬಾಬ್‌ಸ್ಲೇ ಥರಾನೇ ಇದ್ಯಲ್ಲ ಅನ್ನಿಸ್ತು. ನಮ್ಮ ಕಡೆ ಹುಡುಗ್ರು ಬೇರಿಂಗ್ ಗಾಡಿ ಮಾಡ್ತಾರಲ್ಲ ಸಾರ್, ಗ್ಯಾರೇಜಿಂದ ಸವೆದೋಗಿರೋ ಬೇರಿಂಗ್ ಬೇಡ್ಕೊಂಡು ಬಂದು, ಹಿಂದಕ್ಕೆ ಎರಡು ಮುಂದಕ್ಕೆ ಒಂದು ಹಾಕಿ, ಮೇಲೊಂದು ಹಲಗೆ ಹೊಡೆದು, ಮುಂದಿನ ಕಟ್ಟಿಗೆಗೆ ಎರಡೂ ಕಡೆ ಹಗ್ಗ ಕಟ್ಟಿ ಎಡಕ್ಕೆ ಬಲಕ್ಕೆ ಎಳ್ಕೊಂಡು ತಿರುಗಿಸ್ತಾರಲ್ಲ, ಹಿಂದೊಬ್ಬ ತಳ್ಕೊಂಡು ಬಂದು ಕೊನೇಲಿ ಹಾರಿ ಕೂತ್ಕೋತಾನಲ್ಲ, ಅದೇ. ಸುಮ್ನೆ ಹೋಲಿಕೆಗೆ ಹೇಳ್ತಿಲ್ಲ, ಲಕ್ಷಗಟ್ಟಲೆ ಬೆಲೆ ಬಾಳೋ ಬಾಬ್‌ಸ್ಲೇಗೂ ಸ್ಟೀರಿಂಗ್ ವೀಲ್ ಇಲ್ಲ, ಪೈಲಟ್, ಅಂದ್ರೆ ಮುಂದೆ ಕೂತು ಸ್ಲೆಡ್ ತಿರುಗಿಸೋನ ಕೈಯಲ್ಲಿ ಎರಡು ರಿಂಗ್ ಇರ್ತವೆ, ಅದಕ್ಕೆ ಹಗ್ಗ, ಆ ಹಗ್ಗ ಹೋಗಿ ಮುಂದಿನ ಆಕ್ಸಲ್ಲನ್ನ ತಿರುಗಿಸುತ್ತೆ. ಕೆಲಸದ ರೀತಿ ಒಂದೇ.

ಫಿಚ್ ಮೊದಲು ಜಮೈಕಾದ ಓಟಗಾರರನ್ನೇ ಕೇಳಿದ್ರು, ಯಾರೂ ಬರಲಿಲ್ಲ. ಅದೂ ಸಹಜ, 1988ರಲ್ಲೇ ಕೊರಿಯಾದ ಸೋಲ್ ನಗರದಲ್ಲಿ ಬೇಸಿಗೆ ಒಲಿಂಪಿಕ್ಸೂ ಇತ್ತು, ಗೊತ್ತಿಲ್ಲದ ಐಸ್ ಮೇಲೆ ಬಿದ್ದು ಕಾಲು ಮುರ್ಕೊಳ್ಳೋಕೆ ಯಾವ ಸ್ಪ್ರಿಂಟರ್ ಒಪ್ತಾನೆ. ಆಮೇಲೆ ಅವರು ಹೋಗಿದ್ದು ಮಿಲಿಟರಿಗೆ. ಜಮೈಕಾ ಡಿಫೆನ್ಸ್ ಫೋರ್ಸ್‌ನಲ್ಲಿ ಕರ್ನಲ್ ಕೆನ್ ಬಾರ್ನ್ಸ್ ಅಂತ ಇದ್ರು, ಇಂಗ್ಲೆಂಡ್ ಪರ ಆಡಿದ ಫುಟ್ಬಾಲ್ ಆಟಗಾರ ಜಾನ್ ಬಾರ್ನ್ಸ್ ಅವರ ತಂದೆ, ಅವರು ಕೈ ಜೋಡಿಸಿದ್ರು. 1987ರ ಸೆಪ್ಟೆಂಬರಲ್ಲಿ ಆಯ್ಕೆ ನಡೀತು, ಒಲಿಂಪಿಕ್ಸ್ ಇದ್ದಿದ್ದು 1988ರ ಫೆಬ್ರವರೀಲಿ, ಅಂದ್ರೆ ಅರ್ಧ ವರ್ಷಾನೂ ಇಲ್ಲ! ಹೆಲಿಕಾಪ್ಟರ್ ಓಡಿಸ್ತಿದ್ದ ಡಡ್ಲಿ ಸ್ಟೋಕ್ಸ್ ಪೈಲಟ್ ಆದ್ರು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಮಿಲಿಟರಿ ಟ್ರೈನಿಂಗ್ ಆಗಿದ್ದ ಡೆವನ್ ಹ್ಯಾರಿಸ್ ಬಂದ್ರು, ಮೈಕಲ್ ವೈಟ್ ಬಂದ್ರು. ಅಮೆರಿಕದ ಹವರ್ಡ್ ಸೈಲರ್ ಕೋಚ್ ಆದ್ರು. ಕಿಂಗ್‌ಸ್ಟನ್‌ನ ಮಿಲಿಟರಿ ಜಾಗದಲ್ಲಿ ಚಕ್ರದ ಗಾಡಿ ತಳ್ಳಿ ತಳ್ಳಿ ಪ್ರಾಕ್ಟೀಸು. ಆಮೇಲೆ ಐಸ್ ಮೇಲೆ ಅಭ್ಯಾಸಕ್ಕೆ ಅಂತ ಬೇರೆ ದೇಶಗಳಿಗೆ ಹೋಗಿದ್ದು.

ಕೆನಡಾದ ಕ್ಯಾಲ್ಗರೀಲಿ ಇಬ್ಬರ ಸ್ಲೆಡ್ಡಿನ ಸ್ಪರ್ಧೇಲಿ ಸ್ಟೋಕ್ಸ್ ಮತ್ತೆ ವೈಟ್ 30ನೇ ಸ್ಥಾನಕ್ಕೆ ಬಂದ್ರು. ಅದನ್ನ ಯಾರೂ ಹೇಳಲ್ಲ ನೋಡಿ, ಬಿದ್ದಿದ್ದು ಮಾತ್ರ ಹೇಳ್ತಾರೆ. ನಾಲ್ಕು ಜನರ ಸ್ಪರ್ಧೆಗೆ ಮುಂಚೆ ಟೀಮಲ್ಲಿದ್ದ ಒಬ್ಬರಿಗೆ ಪೆಟ್ಟಾಯ್ತು, ಅಣ್ಣನ ಆಟ ನೋಡೋಕೆ ಬಂದಿದ್ದ ಕ್ರಿಸ್ ಸ್ಟೋಕ್ಸ್, ಅಮೆರಿಕದ ಕಾಲೇಜಲ್ಲಿ ಓದ್ತಿದ್ದ ಸ್ಪ್ರಿಂಟರ್, ಕೆಲವೇ ದಿನ ಕಲ್ತು ಸ್ಲೆಡ್ಡಿಗೆ ಹತ್ತಿದ್ರು. ಖರ್ಚಿಗೆ ಟೀ ಶರ್ಟ್ ಮಾರಿ ದುಡ್ಡು ಎತ್ತಿದ್ರು. ಮೂರನೇ ರನ್‌ನಲ್ಲಿ ಅಂದ್ರೆ ಮೂರನೇ ಸಲ ಇಳಿಯುವಾಗ, ತಿರುವಲ್ಲಿ ಸ್ಲೆಡ್ ಮಗುಚ್ತು, ತಲೆ ಹೆಲ್ಮೆಟ್ಟು ಐಸಿಗೆ ಉಜ್ಕೊಂಡೇ ಅಷ್ಟು ದೂರ ಜಾರಿದ್ರು. 1993ರಲ್ಲಿ ಬಂದ ಹಾಲಿವುಡ್ ಸಿನಿಮಾದಲ್ಲಿ ಅವರು ಸ್ಲೆಡ್ಡನ್ನ ಹೆಗಲ ಮೇಲೆ ಹೊತ್ಕೊಂಡು ಬರ್ತಾರೆ. ನಿಜದಲ್ಲಿ ಹೊತ್ತಿರಲಿಲ್ಲ, ಪಕ್ಕದಲ್ಲಿ ನಡ್ಕೊಂಡು ಬಂದ್ರು, ಜನ ಚಪ್ಪಾಳೆ ಹೊಡೆದ್ರು, ಸ್ಟೋಕ್ಸ್ ಕೈ ಕುಲುಕ್ಕೊಂಡು ಬಂದ್ರು. ಆ ಸಿನಿಮಾ ಮೇಲೆ ನಂಗೇನೂ ಕೋಪ ಇಲ್ಲ, ಅದರಿಂದಾನೇ ಪ್ರಪಂಚಕ್ಕೆ ಜಮೈಕಾ ಬಾಬ್‌ಸ್ಲೇ ಗೊತ್ತಾಗಿದ್ದು, ಆದ್ರೆ ಅದರಲ್ಲಿ ಆರ್ಮಿ ಶಿಸ್ತಿನ ಮಾತೇ ಇಲ್ಲ, ಅದೇ ಅವರ ಬಂಡವಾಳ ಆಗಿತ್ತು.

ಇಲ್ಲಿ ಸ್ವಲ್ಪ ಆಟದ ಬಗ್ಗೆ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಬಹಳ ಜನ ಇದನ್ನ ಸುಮ್ನೆ ಕೂತ್ಕೊಂಡು ಜಾರೋ ಆಟ ಅನ್ಕೊಂಡಿದಾರೆ. ಟ್ರ್ಯಾಕು ಸುಮಾರು 1,200ರಿಂದ 1,500 ಮೀಟರ್ ಉದ್ದ, ಹದಿನೈದರ ಆಸುಪಾಸು ತಿರುವು, ಗಂಟೆಗೆ 130–140 ಕಿಲೋಮೀಟರ್ ಸ್ಪೀಡು, ಒಂದು ನಿಮಿಷದೊಳಗೆ ಎಲ್ಲ ಮುಗಿದೋಗುತ್ತೆ, ತಿರುವಲ್ಲಿ ಮೈ ಮೇಲೆ ದೇಹದ ತೂಕದ ನಾಲ್ಕೈದು ಪಟ್ಟು ಭಾರ ಬೀಳುತ್ತೆ. ಆದ್ರೆ ಅರ್ಧ ಆಟ ಮೊದಲ 50 ಮೀಟರಲ್ಲೇ ಇದೆ. ಸ್ಟಾರ್ಟ್ ಹತ್ರ ಐಸಲ್ಲಿ ಎರಡು ಗೀರು ಕೊರೆದಿರ್ತಾರೆ, ಸ್ಲೆಡ್ಡಿನ ಅಡಿಯ ಉಕ್ಕಿನ ಪಟ್ಟಿ, ಅಂದ್ರೆ ರನ್ನರ್, ಅದರಲ್ಲಿ ಕೂತಿರುತ್ತೆ. ನಾಲ್ಕು ಜನ ಎರಡೂ ಪಕ್ಕ ಮತ್ತೆ ಹಿಂದುಗಡೆ ಹ್ಯಾಂಡಲ್ ಹಿಡ್ಕೊಂಡು ನಿಲ್ತಾರೆ, ಶೂ ಅಡಿಯಲ್ಲಿ ಸೂಜಿ ಥರದ ಸಣ್ಣ ಸಣ್ಣ ಮುಳ್ಳು ನೂರಾರು. ಒಂದೇ ಏಟಿಗೆ ನಾಲ್ಕೂ ಜನ ಒದ್ದು ತಳ್ಳಬೇಕು, ಒಬ್ಬ ಕಣ್ಣು ಮಿಟುಕಿಸೋಷ್ಟು ಹಿಂದೆ ಬಿದ್ರೂ ಅವನು ಸ್ಲೆಡ್ಡಿಗೆ ಭಾರವೇ ಹೊರತು ಬಲ ಅಲ್ಲ. ಬಗ್ಗಿಕೊಂಡೇ ಪೂರ್ತಿ ಓಟ. ಆಮೇಲೆ ಪೈಲಟ್ ಮೊದಲು ಹಾರಿ ಕೂತ್ಕೋತಾನೆ, ಹ್ಯಾಂಡಲ್ ಒಳಕ್ಕೆ ಮಡಚಿಕೊಳ್ಳುತ್ತೆ, ಪಕ್ಕದವರಿಬ್ಬರು ಒಬ್ಬರ ಹಿಂದೆ ಒಬ್ಬರು ತೂರಿಕೊಳ್ತಾರೆ, ಕೊನೇಗೆ ಬ್ರೇಕ್‌ಮ್ಯಾನ್. ನಾಲ್ಕು ದೊಡ್ಡ ದೇಹ ಅಷ್ಟು ಕಿರಿದು ಜಾಗಕ್ಕೆ, ಓಡ್ತಿರೋ ಗಾಡಿಗೆ, ಗಾಡಿ ಅಲುಗದ ಹಾಗೆ ಇಳೀಬೇಕು, ಇದೆಲ್ಲ ಐದಾರು ಸೆಕೆಂಡಲ್ಲಿ! ಬ್ರೇಕ್ ಹಾಕೋದು ಗೆರೆ ದಾಟಿದ ಮೇಲೇ. ಸ್ಟಾರ್ಟಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದ್ರೆ ಕೆಳಗೆ ಬರೋಷ್ಟ್ರಲ್ಲಿ ಅದು ಸುಮಾರು ಮೂರು ಪಟ್ಟು ಆಗುತ್ತೆ ಅಂತಾರೆ ಆಟ ಬಲ್ಲವರು.

ಇನ್ನೊಂದು ತೂಕದ ಲೆಕ್ಕ. ನಾಲ್ಕು ಜನರ ಸ್ಲೆಡ್ಡಿಗೆ ಜನ ಸೇರಿ 630 ಕೆಜಿ ಮೀರಬಾರದು, ಖಾಲಿ ಸ್ಲೆಡ್ 210 ಕೆಜಿಗಿಂತ ಕಮ್ಮಿ ಇರಬಾರದು. ಕಳೀರಿ, 420 ಉಳೀತು, ನಾಲ್ಕರಿಂದ ಭಾಗಿಸಿದ್ರೆ ಒಬ್ಬೊಬ್ಬನಿಗೆ 105 ಕೆಜಿ. ತೂಕ ಕಮ್ಮಿ ಆದ್ರೆ ಇಳಿಜಾರಲ್ಲಿ ವೇಗ ಕಮ್ಮಿ, ಅದಕ್ಕೆ ಸ್ಲೆಡ್ಡಿಗೆ ಭಾರ ಕಟ್ಟಬೇಕು, ಆಗ ತಳ್ಳೋದು ಕಷ್ಟ. ಅಂದ್ರೆ ಈ ಆಟ ಹುಡುಕ್ತಿರೋದು ನೂರು ಕೆಜಿ ಹತ್ತಿರ ಇದ್ದು ಸ್ಪ್ರಿಂಟರ್ ಥರ ಓಡೋ ಮನುಷ್ಯನ್ನ. ನೂರು ಮೀಟರ್ ಓಟಕ್ಕೆ ಇವನು ದಪ್ಪ ಅಂತ ವಾಪಸ್ ಕಳಿಸ್ತಾರಲ್ಲ, ಆ ಹುಡುಗ. ಈ ಮಾತಿಗೆ ಮತ್ತೆ ಬರ್ತೀನಿ.

ಈಗ 1988 ಆದ್ಮೇಲಿನ ಕತೆ. ಬಿದ್ದೋರು ಮನೆಗೆ ಹೋಗಿ ಕೂರಲಿಲ್ಲ. 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ ನಾಲ್ಕು ಜನರ ಸ್ಪರ್ಧೇಲಿ 25ನೇ ಸ್ಥಾನ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ 14ನೇ ಸ್ಥಾನ, ಅಮೆರಿಕ, ರಷ್ಯಾ, ಫ್ರಾನ್ಸ್ ಸ್ಲೆಡ್‌ಗಳು ಅವರ ಹಿಂದೆ! ಅದೇ ಡಡ್ಲಿ ಸ್ಟೋಕ್ಸ್ ಪೈಲಟ್, ಅದೇ ತಮ್ಮ ಕ್ರಿಸ್, ಜೊತೆಗೆ ವಿನ್‌ಸ್ಟನ್ ವಾಟ್ಸ್, ವೇಯ್ನ್ ಥಾಮಸ್. ಆರು ವರ್ಷ ಆಟ ಬಿಡದೆ ಹಿಡ್ಕೊಂಡಿದ್ದಕ್ಕೆ ಬಂದ ಫಲ ಅದು. ಮಗುಚಿದ ಫೋಟೋ ಹಾಕೋ ಪೇಪರ್‌ಗಳು ಈ 14ನೇ ಸ್ಥಾನಾನ ಒಂದು ಸಾಲಲ್ಲಾದ್ರೂ ಹಾಕಬೇಕಿತ್ತು ಅಂತ ನನ್ನ ಕೊರಗು.

ಇನ್ನೂ ಮುಖ್ಯವಾದದ್ದು 2002. ಅಮೆರಿಕದ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಇಬ್ಬರ ಸ್ಪರ್ಧೇಲಿ ವಿನ್‌ಸ್ಟನ್ ವಾಟ್ಸ್, ಲ್ಯಾಸೆಲ್ಸ್ ಬ್ರೌನ್ ಸೇರಿ 4.78 ಸೆಕೆಂಡಲ್ಲಿ ಸ್ಟಾರ್ಟ್ ತಳ್ಳಿದ್ರು, ಆ ಟ್ರ್ಯಾಕಿನ ಸ್ಟಾರ್ಟ್ ದಾಖಲೆ. ಜರ್ಮನಿ, ಸ್ವಿಟ್ಜರ್ಲೆಂಡ್ ಎಲ್ಲ ಹಿಂದೆ. ಆದ್ರೆ ರೇಸ್ ಮುಗಿದಾಗ ಜಮೈಕಾ 28ನೇ ಸ್ಥಾನ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ ಸಾರ್. ಮೊದಲ ಐದು ಸೆಕೆಂಡಲ್ಲಿ ಎಲ್ರಿಗಿಂತ ಮುಂದೆ, ಉಳಿದ ನಲವತ್ತು ಚಿಲ್ಲರೆ ಸೆಕೆಂಡಲ್ಲಿ ಎಲ್ಲ ಕಳ್ಕೊಂಡ್ರು. ಕಾಲಲ್ಲಿ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದಿದ್ದು ಸ್ಲೆಡ್ಡಲ್ಲಿ, ರನ್ನರಲ್ಲಿ, ಪೈಲಟ್‌ಗೆ ಐಸ್ ಮೇಲೆ ಸಿಗೋ ಅಭ್ಯಾಸದಲ್ಲಿ. ತಿರುವಿಗೆ ಎಲ್ಲಿ ಇಳೀಬೇಕು, ಎಲ್ಲಿ ಹತ್ತಬೇಕು ಅನ್ನೋದು ನೂರಾರು ಸಲ ಇಳಿದ್ರೆ ಮಾತ್ರ ಕೈಗೆ ಬರೋದು. ಪ್ರತಿ ಸಲ ಇಳಿಯೋಕೂ ದುಡ್ಡು ಕಟ್ಟಬೇಕು, ಬೇರೆ ದೇಶದಲ್ಲಿ ಇರಬೇಕು. ಜರ್ಮನಿಗೆ ಅವರದೇ ಹಲವು ಟ್ರ್ಯಾಕ್ ಇವೆ, ಬರ್ಲಿನ್‌ನಲ್ಲಿ ಸ್ಲೆಡ್ ಥರದ ಆಟದ ಸಾಮಾನು ಮಾಡೋಕೆ ಅಂತ ಸರ್ಕಾರದ ದುಡ್ಡಲ್ಲಿ ನಡಿಯೋ ಸಂಸ್ಥೆ ಇದೆ, ಹಾಗಾಗಿ 2022ರಲ್ಲಿ ಇಬ್ಬರ ಸ್ಪರ್ಧೆಯ ಮೂರೂ ಮೆಡಲ್ ಅವರೇ ತಗೊಂಡು ಹೋದ್ರು. ಇಟಲಿಗೆ ಫೆರಾರಿ ಸ್ಲೆಡ್ ಮಾಡಿಕೊಟ್ಟಿದೆ, ಅಮೆರಿಕಕ್ಕೆ ಬಿಎಂಡಬ್ಲ್ಯೂ ಮಾಡಿಕೊಟ್ಟಿದೆ. ಇವರ ಎದುರು ಹಳೇ ಸ್ಲೆಡ್ ಬಾಡಿಗೆ ತಂದು ನಿಲ್ಲೋರ ಪಾಡು ನೋಡಿ.

ಅದೇ ಲ್ಯಾಸೆಲ್ಸ್ ಬ್ರೌನ್ ಆಮೇಲೆ ಕೆನಡಾಕ್ಕೆ ಹೋದ್ರು, ಅಲ್ಲಿಯ ಪೌರತ್ವ ಸಿಕ್ತು, 2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಪಿಯರ್ ಲೂಡರ್ಸ್ ಜೊತೆ ಬೆಳ್ಳಿ ಗೆದ್ರು, 2010ರಲ್ಲಿ ವ್ಯಾಂಕೂವರ್‌ನಲ್ಲಿ ನಾಲ್ಕು ಜನರ ಸ್ಪರ್ಧೇಲಿ ಕಂಚು. ಮನುಷ್ಯ ಅವನೇ, ಕಾಲು ಅವೇ. ಒಳ್ಳೆ ಪೈಲಟ್, ಒಳ್ಳೆ ಸ್ಲೆಡ್, ಮನೆ ಬಾಗಿಲಲ್ಲೇ ಟ್ರ್ಯಾಕ್ ಸಿಕ್ಕಿದ ಕೂಡ್ಲೇ ಮೆಡಲ್ ಬಂತು. ಬ್ರೌನ್ ಹೋಗಿದ್ದು ತಪ್ಪು ಅಂತ ನಾನು ಹೇಳೋಲ್ಲ, ಆಟಗಾರನ ಆಯಸ್ಸು ಕಮ್ಮಿ. ಆದ್ರೆ ಜಮೈಕಾದ ಬಾಬ್‌ಸ್ಲೇ ಬೆಳವಣಿಗೆ ಎಲ್ಲಿ ನಿಂತಿತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಮೇಲಿನ ವರ್ಷಗಳಲ್ಲಿ ಎಲ್ಲ ದುಡ್ಡಿನ ತಾಪತ್ರಯವೇ. 2006, 2010 ಎರಡಕ್ಕೂ ಅರ್ಹತೆ ಸಿಗಲಿಲ್ಲ. 2014ರಲ್ಲಿ ಅದೇ ವಾಟ್ಸ್ 46ನೇ ವಯಸ್ಸಲ್ಲಿ ವಾಪಸ್ ಬಂದು ರಷ್ಯಾದ ಸೋಚಿಗೆ ಅರ್ಹತೆ ಗಿಟ್ಟಿಸಿದ್ರು, ಹೋಗೋಕೆ ದುಡ್ಡಿಲ್ಲ, ಇಂಟರ್ನೆಟ್ಟಲ್ಲಿ ಜನ ಚಂದಾ ಎತ್ತಿದ್ರು, ಡಾಜ್‌ಕಾಯಿನ್ ಅನ್ನೋ ಕ್ರಿಪ್ಟೋ ನಾಣ್ಯದಲ್ಲೂ ಕೊಟ್ರು, ಕೊನೇಗೆ ಹೊರಟ್ರೆ ಸಾಮಾನಿನ ಬ್ಯಾಗ್‌ಗಳು ಅವರ ಜೊತೆ ಬರಲಿಲ್ಲ. 2018ರಲ್ಲಿ ಹೆಂಗಸರ ಟೀಮ್ ಮೊದಲ ಸಲ ಹೋಯ್ತು, ಜಾಸ್ಮಿನ್ ಫೆನ್ಲೇಟರ್ ವಿಕ್ಟೋರಿಯನ್ ಪೈಲಟ್, ಹಿಂದೆ ತಳ್ಳೋಕೆ ಕ್ಯಾರಿ ರಸೆಲ್, 2013ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 4×100 ರಿಲೇ ಚಿನ್ನ ಗೆದ್ದ ಟೀಮಲ್ಲಿದ್ದವರು. ಇನ್ನೇನು ಸ್ಪರ್ಧೆ ಶುರು ಅನ್ನೋವಾಗ ಕೋಚ್ ಬಿಟ್ಟು ಹೋದ್ರು, ಸ್ಲೆಡ್ ಯಾರದ್ದು ಅನ್ನೋ ಜಗಳ ಎದ್ದಿತು, ಜಮೈಕಾದ ರೆಡ್ ಸ್ಟ್ರೈಪ್ ಬಿಯರ್ ಕಂಪನಿ ಮುಂದೆ ಬಂದು ಸ್ಲೆಡ್ಡಿಗೆ ದುಡ್ಡು ಕೊಟ್ಟಿತು. 2022ರ ಬೀಜಿಂಗ್‌ಗೆ 24 ವರ್ಷ ಆದ್ಮೇಲೆ ನಾಲ್ಕು ಜನರ ಟೀಮ್ ಅರ್ಹತೆ ಪಡೀತು. ಪೈಲಟ್ ಶಾನ್‌ವೇಯ್ನ್ ಸ್ಟೀಫನ್ಸ್, ಬ್ರಿಟಿಷ್ ವಾಯುಪಡೇಲಿ ಕೆಲಸ, ಕೊರೊನಾ ಲಾಕ್‌ಡೌನಲ್ಲಿ ಜಿಮ್ ಮುಚ್ಚಿದಾಗ ಇಂಗ್ಲೆಂಡಿನ ಪೀಟರ್‌ಬರೊ ಬೀದೀಲಿ ಕಾರು ತಳ್ಳಿ ಪ್ರಾಕ್ಟೀಸ್ ಮಾಡಿದವರು. ಸ್ಥಾನ 28. ಆದ್ರೆ ಇಷ್ಟೆಲ್ಲ ಆದ್ರೂ ಟೀಮ್ ಸತ್ತಿಲ್ಲ ಅನ್ನೋದನ್ನ ಗಮನಿಸಿ, ಒಂದು ತಲೆಮಾರು ಹೋಗಿ ಇನ್ನೊಂದು ಬಂದಿದೆ.

ಈ ಕಾಲು ಅವರಿಗೆ ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಸ್ಕೂಲಲ್ಲಿದೆ. ಜಮೈಕಾದಲ್ಲಿ 'ಚಾಂಪ್ಸ್' ಅಂತ ಹೈಸ್ಕೂಲ್ ಮಕ್ಕಳ ಅಥ್ಲೆಟಿಕ್ ಕೂಟ 1910ರಿಂದ ನಡ್ಕೊಂಡು ಬಂದಿದೆ, ಊರೆಲ್ಲ ಸ್ಟೇಡಿಯಂಗೆ ಬಂದು ಮಕ್ಕಳ ಓಟ ನೋಡುತ್ತೆ. ಅಲ್ಲಿ ಎಂಟನೇ ಸ್ಥಾನಕ್ಕೆ ಬಂದೋನೂ ಬೇರೆ ಕಡೆ ಹೋದ್ರೆ ಮೊದಲನೇಯವನು. ಆ ಎಂಟನೇಯವನಿಗೆ ಬಾಬ್‌ಸ್ಲೇ ಇನ್ನೊಂದು ಬಾಗಿಲು ತೆರೀತು.

ನಮ್ಮ ಕಡೆ ಆ ಎಂಟನೇಯವನು ಏನಾಗ್ತಾನೆ? ನಮ್ಮೂರಲ್ಲೇ ಒಬ್ಬ ಹುಡುಗ ಇದ್ದ, ಗಣಪತಿ ಹಬ್ಬದ ಕಬಡ್ಡೀಲಿ ಅವನು ರೈಡಿಗೆ ಹೋದ್ರೆ ಮೂರು ಜನ ಹಿಡಿದ್ರೂ ಗೆರೆ ತನಕ ಎಳ್ಕೊಂಡು ಬರೋನು. ತೊಂಬತ್ತು ಕೆಜಿ ಮೇಲಿದ್ದ, ಆದ್ರೂ ಬರಿಗಾಲಲ್ಲಿ ಓಡಿದ್ರೆ ಸಣ್ಣ ಹುಡುಗ್ರು ಹಿಂದೆ. ತಾಲ್ಲೂಕು ಮಟ್ಟ ದಾಟಿದ, ಆಮೇಲೆ ಒಂದು ಆಯ್ಕೆ ಟ್ರಯಲ್ಸ್‌ನಲ್ಲಿ ನಿನ್ನ ಮೈಕಟ್ಟು ಓಟದ್ದಲ್ಲ ಅಂತ ಹೇಳಿ ಕಳಿಸಿದ್ರು. ಗುಂಡು ಎಸೆತಕ್ಕೆ ಹೋದ, ಅಲ್ಲಿ ಎತ್ತರ ಸಾಲದು ಅಂದ್ರು. ಈಗ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡೀತಾನೆ, ನನ್ನ ವರ್ಕ್‌ಶಾಪಿಗೆ ಬಂದಾಗ ಟ್ರೇಲರ್ ಒಬ್ನೇ ತಳ್ಳಿ ಶೆಡ್ ಒಳಗೆ ನಿಲ್ಲಿಸ್ತಾನೆ. ಅವನ ಮೈಕಟ್ಟನ್ನೇ ಬೇಡೋ ಆಟ ಪ್ರಪಂಚದಲ್ಲಿ ಇದೆ ಅಂತ ಅವನಿಗೆ ಹದಿನೆಂಟನೇ ವಯಸ್ಸಲ್ಲಿ ಹೇಳೋರು ಯಾರೂ ಇರಲಿಲ್ಲ. ದಸರಾ ಕುಸ್ತೀಲಿ, ಹಳ್ಳಿ ಕಬಡ್ಡೀಲಿ, ಎತ್ತಿನಗಾಡಿ ಓಟದಲ್ಲಿ ಇಂಥ ಮೈಕಟ್ಟಿನವರು ಎಷ್ಟು ಜನ ಬೇಕು ನಿಮಗೆ.

2020ರಲ್ಲಿ ಕಂಬಳದ ಶ್ರೀನಿವಾಸ ಗೌಡ್ರ ವಿಷಯ ನಿಮಗೆ ನೆನಪಿರುತ್ತೆ. 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದ್ರು ಅಂತ ದೇಶವೆಲ್ಲ ಉಸೇನ್ ಬೋಲ್ಟ್ ಜೊತೆ ಹೋಲಿಸ್ತು, ಕೇಂದ್ರದ ಕ್ರೀಡಾ ಮಂತ್ರಿಗಳೇ ಟ್ರಯಲ್ಸ್‌ಗೆ ಕರೆದ್ರು. ಅವರು ಕಂಬಳಾನೇ ಬೇರೆ, ಟ್ರ್ಯಾಕೇ ಬೇರೆ ಅಂತ ಬರಲಿಲ್ಲ. ಅವರು ಹೇಳಿದ್ದು ಸರೀನೇ ಇತ್ತು ಅಂತೀನಿ ನಾನು. ಒಂದು ಕಡೆ ಬಲ ಕಂಡ ಕೂಡ್ಲೇ ಎಲ್ಲರನ್ನೂ ನೂರು ಮೀಟರ್ ಗೆರೆ ಮೇಲೆ ನಿಲ್ಲಿಸೋದು ಬಿಟ್ಟು ನಮ್ಮ ವ್ಯವಸ್ಥೆಗೆ ಬೇರೆ ದಾರಿ ಗೊತ್ತಿಲ್ಲ. ಯಾವ ದೇಹಕ್ಕೆ ಯಾವ ಆಟ ಅಂತ ಹುಡುಕೋ ಕೆಲಸಾನೇ ನಡೀತಿಲ್ಲ.

ಐಸ್ ಇಲ್ಲದೆ ಏನ್ ಮಾಡ್ತೀರಿ ಅಂತ ಕೇಳಬಹುದು. ಇಂಗ್ಲೆಂಡನ್ನ ನೋಡಿ. ಅವರ ದೇಶದಲ್ಲಿ ಒಂದೇ ಒಂದು ಐಸ್ ಟ್ರ್ಯಾಕ್ ಇಲ್ಲ. ಬಾತ್ ಯೂನಿವರ್ಸಿಟೀಲಿ ಹಳಿ ಮೇಲೆ ಚಕ್ರದ ಸ್ಲೆಡ್ ತಳ್ಳೋ ಪುಶ್ ಟ್ರ್ಯಾಕ್ ಇದೆ, ಅಷ್ಟೇ. ಆದ್ರೂ ಇದೇ ಐಸ್ ಟ್ರ್ಯಾಕಲ್ಲಿ ಒಬ್ಬರೇ ಮಲಗಿ ಇಳಿಯೋ ಸ್ಕೆಲಿಟನ್ ಅನ್ನೋ ಆಟದಲ್ಲಿ ಅವರ ಹೆಂಗಸರು 2010, 2014, 2018 ಮೂರೂ ಒಲಿಂಪಿಕ್ಸ್ ಚಿನ್ನ ತಂದ್ರು. ಸ್ಟಾರ್ಟ್ ಊರಲ್ಲಿ ಕಲೀತಾರೆ, ಇಳಿಯೋದನ್ನ ಹೊರದೇಶದಲ್ಲಿ ಕಲೀತಾರೆ. ನಮ್ಮ ದೇಶದವರೇ ಆದ ಶಿವ ಕೇಶವನ್ ಮನಾಲಿ ಹತ್ರದ ಹುಡುಗ, ಸ್ಲೆಡ್ಡಿಗೆ ಚಕ್ರ ಹಾಕ್ಕೊಂಡು ಹಿಮಾಲಯದ ರೋಡಲ್ಲಿ ಲಾರಿಗಳ ಮಧ್ಯೆ ಇಳಿದು ಅಭ್ಯಾಸ ಮಾಡಿದವರು, 1998ರಿಂದ 2018ರ ತನಕ ಲೂಜ್ ಅನ್ನೋ, ಅಂಗಾತ ಮಲಗಿ ಕಾಲು ಮುಂದೆ ಮಾಡಿ ಇಳಿಯೋ ಆಟದಲ್ಲಿ ಆರು ಒಲಿಂಪಿಕ್ಸ್ ಆಡಿದ್ರು. ಇಪ್ಪತ್ತು ವರ್ಷ ಒಬ್ಬರೇ! ಅವರ ಹಿಂದೆ ಒಂದು ಸಾಲು ಹುಡುಗ್ರು ಬರಬೇಕಿತ್ತು, ಭಾರತದಲ್ಲಿ ಇವತ್ತಿಗೂ ಅಂಥ ಟ್ರ್ಯಾಕ್ ಒಂದೂ ಇಲ್ಲ. ಇದನ್ನ ಓದಿ ಯಾರಾದ್ರೂ ಹುಡುಗ್ರು ಚಾಮುಂಡಿ ಬೆಟ್ಟದ ರೋಡಲ್ಲಿ ಗಾಡಿ ಬಿಟ್ಟಾರು, ಅದು ಮಾತ್ರ ದಯವಿಟ್ಟು ಬೇಡ, ಬಸ್ಸು ಕಾರು ಓಡಾಡೋ ರೋಡು ಅದು.

ನಾನು ಕೇಳ್ತಿರೋದು ಐಸ್ ಟ್ರ್ಯಾಕ್ ಅಲ್ಲ, ಅದು ನೂರಾರು ಕೋಟಿ ಮಾತು, ನಮ್ಮ ಜಿಲ್ಲೆಗೆ ಅದು ಬೇಕಾಗೂ ಇಲ್ಲ. ಕೇಳ್ತಿರೋದು ಒಂದು ಪುಶ್ ಟ್ರ್ಯಾಕ್. ಎರಡು ಸಾಲು ಹಳಿ, ಮೊದಲು ಸ್ವಲ್ಪ ಇಳಿಜಾರು, ಆಮೇಲೆ ಏರು, ಗಾಡಿ ತಾನಾಗೇ ನಿಲ್ಲಬೇಕು. ಮೇಲೊಂದು ಚಕ್ರದ ಸ್ಲೆಡ್, ಹ್ಯಾಂಡಲ್ಲು, ಒಳಗೆ ನಾಲ್ಕು ಜನ ಕೂರೋ ಅಳತೆ, ಭಾರ ಕಮ್ಮಿ ಜಾಸ್ತಿ ಮಾಡೋಕೆ ಪ್ಲೇಟು. ಇದಕ್ಕೆ ಬೇಕಾಗಿರೋದು ಚಾನಲ್ಲು, ಆಂಗಲ್ಲು, ಬೇರಿಂಗು, ಒಳ್ಳೆ ವೆಲ್ಡಿಂಗು, ಕೆಳಗೆ ಗಟ್ಟಿ ಕಾಂಕ್ರೀಟು, ಎರಡು ಹಳಿ ನಡುವಿನ ಅಂತರ ಉದ್ದಕ್ಕೂ ಒಂದೇ ಇರೋ ಹಾಗೆ ಕೂರಿಸೋ ತಾಳ್ಮೆ. ಮಂಡ್ಯದಲ್ಲಿ ಟ್ರೇಲರ್ ಕಟ್ಟೋರು, ಆಲೆಮನೆ ಗಾಣ ರಿಪೇರಿ ಮಾಡೋರು ಇಷ್ಟು ಜನ ಇದೀವಿ, ಇದು ನಮ್ಮ ಕೈಗೆ ಮೀರಿದ ಕೆಲಸ ಅಲ್ಲ. ಜಾಗ ಮಂಡ್ಯದ ಸರ್ ಎಂ.ವಿ. ಸ್ಟೇಡಿಯಂ ಬದೀಲಿ ಕೊಟ್ರೂ ಆಯ್ತು, ಮೈಸೂರಿನ ಚಾಮುಂಡಿ ವಿಹಾರದಲ್ಲಿ ಕೊಟ್ರೂ ಆಯ್ತು, ಅಲ್ಲಿ ಹಾಸ್ಟೆಲ್ ಹುಡುಗ್ರೂ ಇದಾರೆ. ಬಾಬ್‌ಸ್ಲೇಗೆ ಹೋಗದವರಿಗೂ ಇದು ವೇಸ್ಟ್ ಅಲ್ಲ, ಭಾರ ತಳ್ಕೊಂಡು ಓಡೋ ಅಭ್ಯಾಸ ಸ್ಪ್ರಿಂಟರ್‌ಗೂ ಬೇಕು, ಕಬಡ್ಡಿ ಆಡೋರಿಗೂ ಬೇಕು. ದಸರಾ ಕ್ರೀಡಾಕೂಟದಲ್ಲಿ ಪುಶ್ ಸ್ಪರ್ಧೆ ಅಂತ ಒಂದು ಇಟ್ಟು ಸ್ಟಾಪ್‌ವಾಚ್ ಹಿಡಿದ್ರೆ ಯಾರ ಕಾಲಲ್ಲಿ ಏನಿದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತೆ. 2000ದಲ್ಲಿ ಮೊನಾಕೋದಲ್ಲಿ ಬರೀ ತಳ್ಳೋದರದ್ದೇ ವಿಶ್ವ ಸ್ಪರ್ಧೆ ನಡೆದಾಗ ಚಿನ್ನ ಗೆದ್ದಿದ್ದು ಇದೇ ಜಮೈಕಾ.

ನಾಲೇಲಿ ನೀರಿಲ್ಲ, ಕಬ್ಬಿನ ದುಡ್ಡು ಬಂದಿಲ್ಲ, ಈ ಕಾಲದಲ್ಲಿ ನಿಂಗ್ಯಾಕಪ್ಪಾ ಐಸಿನ ಆಟದ ಹುಚ್ಚು ಅಂತ ನನ್ನ ಶೆಡ್ಡಲ್ಲೇ ಜನ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಕೊಡೋ ಉತ್ತರ ಇದು: ಕಬ್ಬಿನ ಬೆಲೆಗೆ ಹೋರಾಡೋ ಮನೆಯ ಹುಡುಗನಿಗೇ ಆಟದಿಂದ ಪೊಲೀಸಲ್ಲೋ ರೈಲ್ವೇಲೋ ಸೈನ್ಯದಲ್ಲೋ ಕೆಲಸ ಸಿಗೋ ದಾರಿ ಬೇಕಾಗಿರೋದು. ಜಮೈಕಾದಲ್ಲೂ ಟೀಮ್ ಶುರುವಾಗಿದ್ದು ಸೈನ್ಯದಿಂದ. ನಮ್ಮಲ್ಲೂ ಸೈನ್ಯಕ್ಕೆ ಹಿಮದ ಮೇಲೆ ಕೆಲಸ ಮಾಡೋ ಅನುಭವ ಇದೆ, ಹುಡುಗ್ರು ಇಲ್ಲಿಂದ ಹೋಗ್ತಾರೆ, ಎರಡೂ ಸೇರಿದ್ರೆ ಯಾಕಾಗಬಾರದು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅರ್ಧಂಬರ್ಧ ಕಲಿಸಿ ಫೋಟೋಗೋಸ್ಕರ ಯಾರನ್ನೂ ಐಸ್ ಮೇಲೆ ಕಳಿಸಬಾರದು. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್ ಶುರುವಾಗೋ ದಿನವೇ ಜಾರ್ಜಿಯಾ ದೇಶದ ಲೂಜ್ ಆಟಗಾರ ನೋಡಾರ್ ಕುಮಾರಿತಾಶ್ವಿಲಿ ಪ್ರಾಕ್ಟೀಸಲ್ಲೇ ತೀರಿಕೊಂಡ್ರು. ಪೈಲಟ್ ಆಗೋನನ್ನ ಮೊದಲೇ ಆರಿಸಿ ವರ್ಷಗಟ್ಟಲೆ ಕೊರಿಯಾದ ಅಥವಾ ಯುರೋಪಿನ ಟ್ರ್ಯಾಕಲ್ಲಿ ಕಲಿಸಬೇಕು, ಅದಕ್ಕೆ ಸರ್ಕಾರ ದುಡ್ಡು ಕಟ್ಟಬೇಕು. 2002ರ ಜಮೈಕಾ ಥರ ತಳ್ಳೋದರಲ್ಲಿ ಮೊದಲು, ಇಳಿಯೋದರಲ್ಲಿ 28ನೇಯವರು ಆಗೋದಾದ್ರೆ ನಮ್ಮ ಹುಡುಗ್ರ ಶ್ರಮಕ್ಕೆ ಬೆಲೆ ಸಿಗಲ್ಲ.

ಸಂಪಾದಕರೇ, ನಿಮ್ಮಿಂದ ಎರಡು ಕೆಲಸ ಆಗಬೇಕು. ಜಮೈಕಾದ ಈ ಪೂರ್ತಿ ಕತೇನ ಭಾನುವಾರದ ಪುರವಣೀಲಿ ಅರ್ಧ ಪುಟನಾದ್ರೂ ಹಾಕಿ, ಹಳ್ಳಿ ಹೈಸ್ಕೂಲ್ ಪಿಟಿ ಮಾಸ್ಟ್ರುಗಳು ಓದೋ ಹಾಗೆ. ಇನ್ನೊಂದು, ಪುಶ್ ಟ್ರ್ಯಾಕಿಗೆ ಜಾಗ ಕೊಡೋಕೆ ಆಗುತ್ತಾ ಅಂತ ಕ್ರೀಡಾ ಇಲಾಖೆ ಅಧಿಕಾರಿಗಳನ್ನ ನಿಮ್ಮ ವರದಿಗಾರರ ಕೈಲಿ ಕೇಳಿಸಿ, ಅವರು ಹೂಂ ಅಂದ್ರೂ ಊಹೂಂ ಅಂದ್ರೂ ಛಾಪಿಸಿ. ಹೂಂ ಅಂದ್ರೆ ಚಕ್ರದ ಸ್ಲೆಡ್ ಕಟ್ಟಿಕೊಡೋದು ನನ್ನ ಜವಾಬ್ದಾರಿ, ಕಬ್ಬಿಣದ ಖರ್ಚು ಬಿಟ್ಟು ಕೂಲಿ ಒಂದು ರೂಪಾಯಿ ಬೇಡ. ಪತ್ರ ಉದ್ದ ಆಯ್ತು ಅಂತ ಗೊತ್ತು, ಜಾಗ ಸಾಲದೆ ಕತ್ತರಿಸೋದಾದ್ರೆ 1994 ಮತ್ತೆ 2002ರ ಭಾಗ ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಕತ್ತರಿಸ್ಕೊಳ್ಳಿ.

ಇಂತಿ ನಿಮ್ಮ ಓದುಗ,
ಮಂಡ್ಯ